ಕ್ರೋಶಾ ನಕ್ಷೆ: ಚಿಹ್ನೆಯ ಬುಡ ನೋಡಿ

ಕೇಳುಗರಿಗೆ ನಮಸ್ಕಾರ. ಕ್ರೋಶಾ ಕಡ್ಡಿ ಹಿಡಿಯಲು ಬರುತ್ತದೆ, ಬಾಗಿಲ ತೋರಣ, ಟೇಬಲ್ ಮ್ಯಾಟ್ ನೋಡಿ ನೋಡಿಯೇ ಹಾಕುತ್ತೇವೆ, ಆದರೆ ಹೊಲಿಗೆಗಳನ್ನು ಚಿಹ್ನೆಗಳಲ್ಲಿ ಬರೆದ ನಕ್ಷೆ ಕಂಡರೆ ಪುಟ ಮಗುಚಿಬಿಡುತ್ತೇವೆ ಅನ್ನುವವರಿಗಾಗಿ ಈ ಮಾತು. ಒಂದು ಹಾಳೆ, ಪೆನ್ಸಿಲು ತಗೊಳ್ಳಿ. ನಾನು ಹೇಳಿದ ಹಾಗೆ ಬರೆಯುತ್ತಾ ಹೋಗಿ.

ಮೊಟ್ಟೆಯಾಕಾರದ ಸಣ್ಣ ಸೊನ್ನೆ ಬರೆಯಿರಿ. ಅದು ಚೈನ್, ಅಂದರೆ ಸರಪಳಿ ಹೊಲಿಗೆ. ಕಪ್ಪು ಚುಕ್ಕೆ ಇಟ್ಟರೆ ಸ್ಲಿಪ್ ಸ್ಟಿಚ್. ಕೂಡುವ ಗುರುತಾಗಲಿ, ಗುಣಿಸುವ ಗುರುತಾಗಲಿ, ಎರಡೂ ಸಿಂಗಲ್ ಕ್ರೋಶಾನೇ. ಇನ್ನು ಇಂಗ್ಲಿಷಿನ ಟಿ ಅಕ್ಷರ. ಬರೀ ಟಿ ಅಂದರೆ ಹಾಫ್ ಡಬಲ್. ಅದರ ಕಾಲಿಗೆ ಒಂದು ಓರೆಗೆರೆ ಎಳೆದರೆ ಡಬಲ್, ಎರಡು ಎಳೆದರೆ ಟ್ರೆಬಲ್. ಒಂದು ಗೆರೆ ಇದ್ದರೆ ಚುಚ್ಚುವ ಮೊದಲು ಕಡ್ಡಿಗೆ ಒಂದು ಸಲ ದಾರ ಸುತ್ತಿ, ಎರಡಿದ್ದರೆ ಎರಡು ಸಲ. ಬರೀ ಟಿಗೂ ಒಂದು ಸುತ್ತು ಉಂಟು, ಆದರೆ ಅಲ್ಲಿ ಮೂರು ಕುಣಿಕೆಯನ್ನೂ ಒಂದೇ ಏಟಿಗೆ ದಾಟಿಸುತ್ತೇವೆ.

ನಾನು ಹೇಳಿದ್ದು ಅಮೆರಿಕದ ಹೆಸರುಗಳು. ಬ್ರಿಟನ್ನಿನ ಪುಸ್ತಕ ಇದೇ ಡಬಲನ್ನು ಟ್ರೆಬಲ್ ಅನ್ನುತ್ತದೆ. ಚಿಹ್ನೆ ಮಾತ್ರ ಎರಡೂ ಕಡೆ ಒಂದೇ. ನಕ್ಷೆ ಕಲಿಯಿರಿ ಎಂದು ಇಷ್ಟು ಒತ್ತಾಯ ಮಾಡುವುದು ಅದಕ್ಕೇ.

ಇಷ್ಟನ್ನು ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡಬಹುದು. ಜನ ಎಡವುವುದು ಇಲ್ಲಲ್ಲ, ಬುಡದಲ್ಲಿ. ಚಿಹ್ನೆಯ ಆಕಾರ ಯಾವ ಹೊಲಿಗೆ ಅನ್ನುತ್ತದೆ. ಬುಡ, ಎಲ್ಲಿ ಚುಚ್ಚಬೇಕು ಅನ್ನುತ್ತದೆ. ಬುಡ ನೋಡಿ.

ಹೊಸಬರೊಬ್ಬರು ಹಾಕಿದ ದುಂಡು ಮ್ಯಾಟ್ ಒಂದರ ವಿಷಯ ಹೇಳುತ್ತೇನೆ. ನಕ್ಷೆ ಸುಲಭದ್ದು. ನಡುವೆ 8 ಚೈನಿನ ಬಳೆ. ಮೊದಲ ಸುತ್ತಿನಲ್ಲಿ 16 ಡಬಲ್. ಎರಡನೆಯದರಲ್ಲಿ ಪ್ರತಿ ಡಬಲ್ ಮೇಲೆ ಒಂದು ಡಬಲ್, ಒಂದು ಚೈನ್. ಅಂದರೆ 16 ಡಬಲ್, ಅವುಗಳ ನಡುವೆ 16 ಸಂದು. ಮೂರನೇ ಸುತ್ತಿಗೆ ಮೂರು ಮೂರು ಡಬಲಿನ ಗುಂಪು, ಒಟ್ಟು 48. ಅವರು ಎಣಿಸಿ ಎಣಿಸಿ 48 ಹಾಕಿದರು. ಆದರೂ ಮ್ಯಾಟ್ ಚಿತ್ರದಂತಿಲ್ಲ. ಮೂರು ಕಾಲು ಒಂದೇ ತೂತಿನಲ್ಲಿ ಇಕ್ಕಟ್ಟಾಗಿ ನಿಂತಿವೆ, ಪಕ್ಕದಲ್ಲಿ ಚೈನ್ ಜೋತುಬಿದ್ದು ಬೋಳಾಗಿ ಕಾಣುತ್ತಿದೆ. ಕಡ್ಡಿಯದ್ದೇ ತಪ್ಪಿರಬೇಕೆಂದು 1.25 ಮಿಲಿಮೀಟರಿನದನ್ನು ಬಿಟ್ಟು 1.5ರದರಲ್ಲಿ ಎಲ್ಲ ಮತ್ತೆ ಹಾಕಿದರು. ಸಂದು ಇನ್ನೂ ಬಾಯಿಬಿಟ್ಟಿತು! ಬಿಚ್ಚಿ, ಬಿಗಿಯಾಗಿ ಹಾಕಿದರು. ಮ್ಯಾಟ್ ಸೆಟೆದುಕೊಂಡಿತು. ಪಾಪ, ಕೈಯಲ್ಲಿ ಏನೂ ದೋಷವಿರಲಿಲ್ಲ. ನಕ್ಷೆಯಲ್ಲಿ ಆ ಮೂರು ಟಿಗಳ ಬುಡ ಒಂದಕ್ಕೊಂದು ತಾಗಿರಲಿಲ್ಲ. ಬಿಡಿಬಿಡಿಯಾಗಿ ಸೊನ್ನೆಯ ಮೇಲೆ ನಿಂತಿದ್ದವು. ಬುಡ ಬಿಡಿಯಾಗಿದ್ದರೆ ಚೈನಿನ ಕೆಳಗಿನ ಸಂದಿನಲ್ಲಿ ಕಡ್ಡಿ ತೂರಿಸಿ, ಚೈನನ್ನು ಪೂರಾ ಅಪ್ಪಿಕೊಂಡು ಹಾಕಬೇಕು. ಬುಡ ಒಂದೇ ಬಿಂದುವಿನಲ್ಲಿ ಕೂಡಿದ್ದರೆ ಮಾತ್ರ ಒಂದು ಹೊಲಿಗೆಯ ತಲೆಗೆ, ಅಂದರೆ ಅದರ ಮೇಲ್ತುದಿಗೆ, ಚುಚ್ಚಬೇಕು. ಅವರು ಮೂರನ್ನೂ ಡಬಲಿನ ತಲೆಗೆ ಚುಚ್ಚಿದ್ದರು. ಲೆಕ್ಕ ಸರಿ, ಜಾಗ ತಪ್ಪು. ಕ್ರೋಶಾ ಚಿಹ್ನೆಗಳಿಗೆ ಕೈಗಾರಿಕಾ ಮಾನಕವನ್ನೇ ಮಾಡಿಕೊಂಡಿರುವ ಜಪಾನಿನ ನಕ್ಷೆಗಳಲ್ಲಿ ಈ ವ್ಯತ್ಯಾಸ ಬಹಳ ಚೊಕ್ಕವಾಗಿ ಕಾಣುತ್ತದೆ. ಕಲಿಯಲು ಅವೇ ಒಳ್ಳೆಯವು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬುಡ ಕೂಡಿ ತಲೆ ಅಗಲವಾಗಿದ್ದರೆ ಹೊಲಿಗೆ ಹೆಚ್ಚುತ್ತದೆ. ಬುಡ ಬೇರೆಯಾಗಿ ತಲೆ ಕೂಡಿದ್ದರೆ ಕಡಿಮೆಯಾಗುತ್ತದೆ. ಬುಡ ಕೊಕ್ಕೆಯಂತೆ ಬಾಗಿದ್ದರೆ ತಲೆಗೆ ಚುಚ್ಚಬೇಡಿ, ಕೆಳಗಿನ ಹೊಲಿಗೆಯ ಮೈಯನ್ನೇ ಬಳಸಿ ಹಾಕಿ. ಡಬಲ್ ಸಾಲಿನ ಆರಂಭದ 3 ಚೈನ್ ಸಾಮಾನ್ಯವಾಗಿ ಒಂದು ಡಬಲ್ ಲೆಕ್ಕ. ಅದನ್ನು ಮರೆತರೆ ಅಂಚು ಓರೆಯಾಗುತ್ತದೆ. ದುಂಡು ನಕ್ಷೆಯನ್ನು ನಡುವಿನಿಂದ ಹೊರಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ ಓದಿ; ಎಡಗೈಯವರು ಮುಳ್ಳಿನ ದಿಕ್ಕಿಗೆ. ಸಾಲುಸಾಲಾಗಿ ತಿರುಗಿಸಿ ಹಾಕುವ ನಕ್ಷೆಯಲ್ಲಿ ಸಾಲಿನ ಸಂಖ್ಯೆ ಯಾವ ಬದಿಗಿದೆಯೋ ಅಲ್ಲಿಂದ ಶುರು.

ಅಂಥ ನಕ್ಷೆಯ ಮೇಲೆ ಕಾಗದದ ಪಟ್ಟಿ ಇಟ್ಟುಕೊಂಡು ಕೆಲಸ ಮಾಡುವವರು ಹಾಕಿ ಮುಗಿಸಿದ ಸಾಲುಗಳನ್ನು ಮುಚ್ಚುತ್ತಾರೆ. ಹಾಗೆ ಮಾಡಬೇಡಿ. ಮುಂದೆ ಹಾಕಬೇಕಾದ ಮೇಲಿನ ಸಾಲುಗಳನ್ನು ಮುಚ್ಚಿ. ಈಗ ಹಾಕುತ್ತಿರುವ ಸಾಲು, ಅದರ ಕೆಳಗಿನ ಸಾಲು, ಎರಡೂ ಕಣ್ಣಿಗೆ ಬೀಳುತ್ತಿರಬೇಕು. ನಮಸ್ಕಾರ.