ಮನೆಗೆ ಮರಳಿದ ಮೇಲೆ ಶುರುವಾಗುವ ಚಿಕಿತ್ಸೆ

ಸಭೆಯಲ್ಲಿರುವ ಹಿರಿಯರೇ, ತಾಯಂದಿರೇ, ಆಶಾ ಕಾರ್ಯಕರ್ತೆಯರೇ, ವಿದ್ಯಾರ್ಥಿಗಳೇ,

ವ್ಯಸನಕ್ಕೆ ಸಿಕ್ಕಿದ ಮಗನನ್ನೋ ಗಂಡನನ್ನೋ ಕರೆದುಕೊಂಡು ಆಸ್ಪತ್ರೆಗೆ ಬರುವವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಎಷ್ಟು ದಿನ ಇಟ್ಟುಕೊಂಡರೆ ಪೂರ್ತಿ ಬಿಡಿಸಿ ಕಳಿಸುತ್ತೀರಿ ಡಾಕ್ಟ್ರೇ?” ಸಾಲ ಮಾಡಿ, ನೆಂಟರಿಂದ ಮುಚ್ಚಿಟ್ಟು, ಎಷ್ಟೋ ರಾತ್ರಿ ನಿದ್ದೆಗೆಟ್ಟು ಬಂದವರ ಪ್ರಶ್ನೆಯದು. ಹಾಗಾಗಿ ಅದಕ್ಕೆ ಉತ್ತರ ಕೊಡುವಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಆಸ್ಪತ್ರೆಯಲ್ಲಿ ಕಳೆಯುವ ದಿನಗಳಲ್ಲಿ ನಾವು ಮಾಡುವುದು ಚಿಕಿತ್ಸೆಯ ಒಂದು ಸಣ್ಣ ಭಾಗವನ್ನು ಮಾತ್ರ. ಉಳಿದದ್ದೆಲ್ಲ ಆತ ಮನೆಗೆ ಮರಳಿದ ಮೇಲೆ ನಡೆಯಬೇಕು. ಈ ಹೊತ್ತಿನ ನನ್ನ ಮಾತು ಆ ಉಳಿದ ಭಾಗದ ಕುರಿತೇ ಹೆಚ್ಚು.

ಮೊದಲ ಭಾಗಕ್ಕೆ ನಿರ್ವಿಷೀಕರಣ ಎನ್ನುತ್ತಾರೆ. ವಾರ್ಡಿನಲ್ಲಿ ಎಲ್ಲರೂ ಡಿಟಾಕ್ಸ್ ಎಂದೇ ಹೇಳುವುದು. ಹೆರಾಯಿನ್ ಸೇದುವವರಿಗೆ ಅದು ತಪ್ಪಿದ ಎಂಟು ಹನ್ನೆರಡು ಗಂಟೆಯೊಳಗೆ ಮೂಗು ಕಣ್ಣುಗಳಲ್ಲಿ ನೀರು, ಮೈಕೈ ನೋವು, ವಾಂತಿ, ಭೇದಿ ಆರಂಭವಾಗಿ, ಎರಡು ಮೂರನೆಯ ದಿನ ಯಾತನೆ ತುದಿ ಮುಟ್ಟಿ, ಒಂದು ವಾರದ ಹೊತ್ತಿಗೆ ಇಳಿಯುತ್ತದೆ. ಇದು ಅತಿ ಕಷ್ಟದ್ದಾದರೂ ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವುದಿಲ್ಲ. ಅಚ್ಚರಿಯೆಂದರೆ, ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಮದ್ಯದ ವಿಷಯದಲ್ಲೇ ಹೆಚ್ಚು ಅಪಾಯವಿದೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕದ ಜೊತೆಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಇಲ್ಲದ್ದು ಕಂಡಂತಾಗಿ, ಜಾಗ ಹೊತ್ತು ಮರೆತು, ಜ್ವರವೇರಿ ಸಾಯಲೂಬಹುದು. ಆದ್ದರಿಂದ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಿ “ಇಂದಿನಿಂದ ಒಂದು ತೊಟ್ಟೂ ಇಲ್ಲ” ಎನ್ನಬಾರದು. ವೈದ್ಯರ ಕಣ್ಗಾವಲಿನಲ್ಲಿ, ಬಿ1 ಜೀವಸತ್ವ ಮತ್ತು ಶಮನಕಾರಿ ಔಷಧಿಗಳ ಆಸರೆಯಲ್ಲಿ ನಿಲ್ಲಿಸಬೇಕು.

ಹತ್ತು ದಿನ ಕಳೆದು, ಮುಖ ತಿಳಿಯಾಗಿ, ಊಟ ಸೇರುವಂತಾದಾಗ ಮನೆಯವರು “ಗುಣವಾಯಿತು” ಎಂದು ಹರಕೆ ತೀರಿಸಲು ಹೊರಡುತ್ತಾರೆ. ಅಫೀಮಿನ ವರ್ಗದ ಮಾದಕಗಳ ಮಟ್ಟಿಗೆ, ಅಂದರೆ ಹೆರಾಯಿನ್ ಇರಲಿ, ಇತ್ತೀಚೆಗೆ ಹುಡುಗರು ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುತ್ತಿರುವ ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳಿರಲಿ, ಅತ್ಯಂತ ಅಪಾಯದ ಕಾಲ ಆರಂಭವಾಗುವುದೇ ಆಗ. ಬಳಸುತ್ತಿದ್ದ ದಿನಗಳಲ್ಲಿ ದೇಹ ದೊಡ್ಡ ಪ್ರಮಾಣಕ್ಕೆ ಒಗ್ಗಿಹೋಗಿರುತ್ತದೆ. ಬಿಟ್ಟ ಕೆಲವೇ ವಾರಗಳಲ್ಲಿ ಆ ಒಗ್ಗುವಿಕೆ ಇಳಿದುಹೋಗುತ್ತದೆ. ಆಸೆಯೋ ಹಾಗೇ ಉಳಿದಿರುತ್ತದೆ. ಹಳೆಯ ಲೆಕ್ಕದಲ್ಲೇ ಮತ್ತೆ ಒಮ್ಮೆ ತೆಗೆದುಕೊಂಡರೆ ಉಸಿರಾಟವೇ ನಿಂತುಬಿಡಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರಗಳಲ್ಲಿ ಮಾದಕದ ಅತಿಸೇವನೆಯಿಂದ ಸಾಯುವ ಸಂಭವ ಇತರ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಕೂಡಿಹಾಕಿದ್ದೇ ಚಿಕಿತ್ಸೆ ಎಂದು ನಂಬುವವರು ಈ ಸಂಖ್ಯೆಯನ್ನು ಒಮ್ಮೆ ನೆನೆಯಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಈ ಅಪಾಯವನ್ನು ತಗ್ಗಿಸುವ ಔಷಧಿಗಳಿವೆ. ನಾಲಿಗೆಯಡಿ ಇಟ್ಟು ಕರಗಿಸುವ ಬ್ಯುಪ್ರೆನಾರ್ಫಿನ್ ಮತ್ತು ದ್ರವರೂಪದಲ್ಲಿ ಕುಡಿಸುವ ಮೆಥಡೋನ್ ಅವುಗಳಲ್ಲಿ ಮುಖ್ಯವಾದವು. 2005ರಿಂದ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಇವು ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಕುಳಿತು, ಸರಿಯಾದ ಪ್ರಮಾಣದಲ್ಲಿ ಅಮಲೇರಿಸದೆ, ಯಾತನೆಯನ್ನೂ ಹಂಬಲವನ್ನೂ ಅಡಗಿಸುತ್ತವೆ. “ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಿದಂತಾಗಲಿಲ್ಲವೇ?” ಎಂದು ತಂದೆಯೊಬ್ಬರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ದೇಹ ಆ ಮಾತ್ರೆಯನ್ನು ಅವಲಂಬಿಸುವುದು ನಿಜ. ಆದರೆ ವ್ಯಸನವೆಂದರೆ ಬರೀ ಅವಲಂಬನೆಯಲ್ಲ; ಕದಿಯುವುದು, ಸುಳ್ಳು ಹೇಳುವುದು, ಸೂಜಿ ಹಂಚಿಕೊಳ್ಳುವುದು, ಕೆಲಸ ಬಿಡುವುದು, ಹಾನಿ ಕಣ್ಣೆದುರಿದ್ದರೂ ನಿಲ್ಲಿಸಲಾಗದಿರುವುದು, ಇವೆಲ್ಲ ಸೇರಿ ವ್ಯಸನ. ಬೆಳಿಗ್ಗೆ ಕೇಂದ್ರಕ್ಕೆ ಬಂದು ಔಷಧಿ ತೆಗೆದುಕೊಂಡು ಗ್ಯಾರೇಜಿನ ಕೆಲಸಕ್ಕೆ ಹೋಗುವ ಹುಡುಗನ ಬದುಕಿನಲ್ಲಿ ಅವು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹಲವು ದೇಶಗಳ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೆಥಡೋನ್ ಚಿಕಿತ್ಸೆಯಲ್ಲಿದ್ದಾಗ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಜನ ತೀರಿಕೊಂಡರೆ, ಚಿಕಿತ್ಸೆ ಬಿಟ್ಟ ಅವಧಿಯಲ್ಲಿ ಆ ಸಂಖ್ಯೆ ಸುಮಾರು 36. ಆದ್ದರಿಂದ “ಮಾತ್ರೆ ಯಾವಾಗ ನಿಲ್ಲಿಸುತ್ತೀರಿ?” ಎಂದು ದಯವಿಟ್ಟು ಅವಸರಪಡಿಸಬೇಡಿ. ಸಕ್ಕರೆ ಕಾಯಿಲೆಯವರನ್ನು ಯಾರೂ ಹಾಗೆ ಅವಸರಪಡಿಸುವುದಿಲ್ಲ.

ಮದ್ಯಕ್ಕೂ ಔಷಧಿಗಳಿವೆ, ನಾಲ್ಟ್ರೆಕ್ಸೋನ್ ಕುಡಿತದ ಸುಖವನ್ನೂ ಹಂಬಲವನ್ನೂ ತಗ್ಗಿಸುತ್ತದೆ. ಡೈಸಲ್ಫಿರಾಮ್‌ನ ಬಗೆ ಬೇರೆ. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಗೋಡೆಯ ಮೇಲೆ, ಬಸ್ಸಿನ ಹಿಂದೆ “ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ” ಎಂಬ ಜಾಹೀರಾತು ನೀವೆಲ್ಲ ನೋಡಿರುತ್ತೀರಿ. ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿಯಲ್ಲಿ ಏನಿದೆಯೆಂದು ಬೆರೆಸುವವರಿಗೇ ತಿಳಿದಿರುವುದಿಲ್ಲ. ಡೈಸಲ್ಫಿರಾಮ್ ಇದ್ದು ಆತ ಕುಡಿದುಬಿಟ್ಟರೆ ಪ್ರಾಣವೇ ಹೋದೀತು. ಬದುಕಿ ಉಳಿದರೂ, ಹೆಂಡತಿ ಬಡಿಸಿದ ಅನ್ನದ ಮೇಲಿನ ನಂಬಿಕೆ ಹೋಗುತ್ತದೆ. ಆ ನಂಬಿಕೆಯಿಲ್ಲದೆ ಮುಂದಿನ ಯಾವ ಚಿಕಿತ್ಸೆಯೂ ಸಾಗುವುದಿಲ್ಲ. ಗಾಂಜಾ, ಕೊಕೇನ್‌ಗಳ ವ್ಯಸನವನ್ನೇ ಗುಣಪಡಿಸುವ ಮಾತ್ರೆ ಇನ್ನೂ ಇಲ್ಲ; ಅಲ್ಲಿ ಆಪ್ತಸಮಾಲೋಚನೆಯೇ ಮುಖ್ಯ.

ಆಪ್ತಸಮಾಲೋಚನೆ ಎಂದರೆ ಬುದ್ಧಿ ಹೇಳುವುದೆಂದು ಬಹಳ ಜನರ ಎಣಿಕೆ. ಬುದ್ಧಿಮಾತನ್ನು ಆತ ಮನೆಯಲ್ಲಿ ಸಾಕಷ್ಟು ಕೇಳಿಯೇ ಬಂದಿರುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿದ ಕ್ರಮವೊಂದಿದೆ. ವಾದಿಸಬಾರದು, ಅವನೊಳಗೇ ಇರುವ ಬಿಡಬೇಕೆಂಬ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸಬೇಕು ಎಂಬುದು ಅದರ ತಿರುಳು. ಆಮೇಲೆ ಇನ್ನೂ ನೆಲಮಟ್ಟದ ಕೆಲಸ: ಬಟವಾಡೆಯ ಶನಿವಾರ ಸಂಜೆ ಯಾವ ದಾರಿಯಲ್ಲಿ ಮನೆಗೆ ಬರುವುದು, ಮದುವೆ ಮನೆಯಲ್ಲಿ ಭಾವಮೈದುನ ಗ್ಲಾಸು ಮುಂದೆ ಹಿಡಿದರೆ ಏನು ಹೇಳುವುದು, ನಿದ್ದೆ ಬಾರದ ರಾತ್ರಿ ಯಾರಿಗೆ ಫೋನ್ ಮಾಡುವುದು. ಇವನ್ನು ಮೊದಲೇ ಕುಳಿತು ಮಾತಾಡಿ, ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡಿಸುತ್ತೇವೆ.

ಫೋನ್ ಎತ್ತುವವರೊಬ್ಬರು ಬೇಕಲ್ಲ! 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾದದ್ದೇ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಮೊದಲು. ನಮ್ಮಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಎಲ್ಲರಿಗೂ ಗೊತ್ತು. ನನಗೆ ಶಿಬಿರಕ್ಕಿಂತಲೂ ಮುಖ್ಯವೆನಿಸುವುದು ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ಊರಲ್ಲಿ ಕಟ್ಟಿಕೊಳ್ಳುವ ನವಜೀವನ ಸಮಿತಿ. ಒಂದೇ ಕೇರಿಯಲ್ಲಿ ತನ್ನ ಹಾಗೆಯೇ ಬಿದ್ದು ಎದ್ದ ನಾಲ್ವರಿದ್ದಾರೆ ಎಂಬುದು ಯಾವ ವೈದ್ಯರೂ ಬರೆದುಕೊಡಲಾಗದ ಬಲ. ಇಂಥ ಬಳಗಗಳಲ್ಲಿ ಕೆಲವರು ವೈದ್ಯರ ಮಾತ್ರೆಯನ್ನೂ ನಿಲ್ಲಿಸುವಂತೆ ಒತ್ತಾಯಿಸುವುದುಂಟು. ಅದನ್ನು ಮಾತ್ರ ಕೇಳಬಾರದು.

ಚಿಕಿತ್ಸೆ ದೂರದಲ್ಲಿದೆಯೆಂದು ಭಾವಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಹೀಗಿದ್ದೂ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಪೊಲೀಸರ ಭಯವೂ ಜನರನ್ನು ತಡೆಯುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ತಾವಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದು ಪೂರೈಸುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮಾದಕಗಳಿಂದಾದ ಸ್ಥಿತಿಯನ್ನೂ ಕಾಯಿಲೆಯೆಂದೇ ಪರಿಗಣಿಸಿ, ರೋಗಿಗೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಹೊಡೆಯುವ, ಕಟ್ಟಿಹಾಕುವ ಕೇಂದ್ರಕ್ಕೆ ನಿಮ್ಮ ಮಗನನ್ನು ಸೇರಿಸಬೇಡಿ.

ಕೊನೆಯದಾಗಿ, ತಾಯಂದಿರು ಮತ್ತೆ ಮತ್ತೆ ಕೇಳುವ ಆ ರಾತ್ರಿಯ ಮಾತು. ಮೂರು ತಿಂಗಳು ಚೆನ್ನಾಗಿದ್ದ ಮಗ ಒಂದು ರಾತ್ರಿ ಮತ್ತೆ ತೆಗೆದುಕೊಂಡು ಬಾಗಿಲಿಗೆ ಬಂದಿದ್ದಾನೆ. ಅವನನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದ್ದರೆ, ಮಗ್ಗುಲಾಗಿ ಮಲಗಿಸಿ, ತಕ್ಷಣ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ಅಫೀಮಿನ ವರ್ಗದ ಮಾದಕವಾದರೆ ನಲಾಕ್ಸೋನ್ ಚುಚ್ಚುಮದ್ದು ಅವನನ್ನು ಉಳಿಸಬಲ್ಲದು. ಎಚ್ಚರವಾಗಿದ್ದರೆ ಒಳಗೆ ಕರೆದು ಊಟ ಹಾಕಿ. ಕೈಗೆ ಹಣ ಕೊಡಬೇಡಿ, ಆ ರಾತ್ರಿ ಜಗಳವನ್ನೂ ಆಡಬೇಡಿ. ಬೆಳಗಾದ ಮೇಲೆ ಅವನ ಚಿಕಿತ್ಸೆಯ ಚೀಟಿ ಹಿಡಿದು, ಜೊತೆಯಲ್ಲೇ ನಮ್ಮಲ್ಲಿಗೆ ಬನ್ನಿ.