ರಾಶಿಯ ಮೊದಲು, ರಾಶಿಯ ನಂತರ

ಮಾನ್ಯರೆ, ವಿದ್ಯಾರ್ಥಿ ಮಿತ್ರರೆ,

ಪ್ರಶ್ನಾವಳಿ ಹಂಚಿ, ಅಂಕ ಕೂಡಿಸಿ, ಸರಾಸರಿ ತೆಗೆದರೆ ಮನೋವಿಜ್ಞಾನದ ಸಂಶೋಧನೆ ಮುಗಿಯಿತು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಯಾವ ತಿಂಗಳಲ್ಲಿ, ಯಾರನ್ನು, ಯಾರ ಎದುರಿಗೆ ಕೇಳಿದೆವು ಎಂಬುದರಿಂದ ಉತ್ತರವೇ ಬದಲಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಿಗೆ ಹೋಗುವ ಸಂಶೋಧಕರು ಮೊದಲು ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳಲು ನಾನು ಬಂದಿದ್ದೇನೆ.

ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲೊಮ್ಮೆ, ನಂತರ ಮತ್ತೊಮ್ಮೆ ಪರೀಕ್ಷಿಸಲಾಯಿತು. ಒಂದು ಪರೀಕ್ಷೆಯಲ್ಲಿ 5 5 5 ಎಂದು ಬರೆದಿದ್ದರೆ, ಐದು ಎನ್ನದೆ, ಅಂಕಿಗಳು ಎಷ್ಟಿವೆಯೆಂದು ಎಣಿಸಿ ತಟ್ಟನೆ ಮೂರು ಎನ್ನಬೇಕಿತ್ತು. ಕೈಯಲ್ಲಿ ಹಣವಿಲ್ಲದ ಕಟಾವಿನ ಮುಂಚಿನ ದಿನಗಳಲ್ಲಿ ಅದೇ ರೈತರು ಹೆಚ್ಚು ತಪ್ಪು ಮಾಡಿದರು, ಹೆಚ್ಚು ಸಮಯ ತೆಗೆದುಕೊಂಡರು. ಹಣದ ಚಿಂತೆ ಮನಸ್ಸಿನ ಸಾಮರ್ಥ್ಯವನ್ನು ಆಕ್ರಮಿಸಿಕೊಳ್ಳುತ್ತದೆ ಎಂಬುದು ಅವರ ತೀರ್ಮಾನ. ಬಡವರಿಗೆ ಬುದ್ಧಿ ಕಡಿಮೆ, ಅದಕ್ಕೇ ಸಾಲದಲ್ಲಿ ಬೀಳುತ್ತಾರೆ ಎನ್ನುವವರಿಗೆ ಈ ಅಧ್ಯಯನ ಕೊಡುವಷ್ಟು ನೇರವಾದ ಉತ್ತರವನ್ನು ನಾನು ಬೇರೆಡೆ ಹೆಚ್ಚು ಕಂಡಿಲ್ಲ.

ಆದರೂ ಇದನ್ನು ಕೊನೆಯ ಮಾತೆಂದು ಹಿಡಿಯಬಾರದು. ಅಮೆರಿಕದಲ್ಲಿ ಕಡಿಮೆ ಆದಾಯದವರನ್ನು ಸಂಬಳ ಬರುವ ಮೊದಲು ಮತ್ತು ಬಂದ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೆ ನಮ್ಮ ತೊಗರಿ ಬೆಳೆಗಾರರ ಸ್ಥಿತಿ ಏನು? ಅದನ್ನು ನಾವೇ ಇಲ್ಲಿ ನೋಡಬೇಕು, ಮತ್ತು ತಮಿಳುನಾಡಿನ ವಿಧಾನವನ್ನು ಹಾಗೆಯೇ ಎತ್ತಿ ತರಲು ಬರುವುದಿಲ್ಲ. ಕಾರ್ಖಾನೆಯ ಸರದಿಯಂತೆ ಕಬ್ಬಿನ ಕಟಾವು ಹಲವು ತಿಂಗಳು ನಡೆಯುವುದರಿಂದ, ಒಂದೇ ವಾರದಲ್ಲಿ ಒಬ್ಬರ ಕಟಾವು ಮುಗಿದಿರುತ್ತದೆ, ಪಕ್ಕದವರದು ಬಾಕಿ ಇರುತ್ತದೆ. ಆದ್ದರಿಂದ ಹಣದ ಪರಿಣಾಮವನ್ನು ಋತುವಿನ ಪರಿಣಾಮದಿಂದ ಬೇರ್ಪಡಿಸಲು ಅಲ್ಲಿ ಸಾಧ್ಯವಾಯಿತು. ಬೀದರ್‌ನ ಕಬ್ಬಿಗೆ ಇದು ಹೊಂದೀತು. ತೊಗರಿಯ ರಾಶಿ, ಅಂದರೆ ಕಟಾವು ಮಾಡಿ ಕಾಳು ಒಕ್ಕುವ ಕೆಲಸ, ಡಿಸೆಂಬರ್, ಜನವರಿಯಲ್ಲಿ ಬಹುತೇಕ ಎಲ್ಲರ ಹೊಲದಲ್ಲಿ ಒಟ್ಟಿಗೆ ಬರುತ್ತದೆ. ಆಗ ಮನಸ್ಸು ಹಗುರವಾದದ್ದು ಹಣದಿಂದಲೋ, ದುಡಿಮೆ ಮುಗಿದದ್ದರಿಂದಲೋ ಹೇಳುವುದು ಕಷ್ಟ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ತೊಗರಿ ಕೊಟ್ಟವರಲ್ಲಿ ಖಾತೆಗೆ ಹಣ ಜಮೆಯಾದವರನ್ನೂ ಇನ್ನೂ ಕಾಯುತ್ತಿರುವವರನ್ನೂ ಒಂದೇ ವಾರದಲ್ಲಿ ಹೋಲಿಸುವುದು ನನಗೆ ತೋರುವ ಒಂದು ದಾರಿ.

ಖಿನ್ನತೆಯನ್ನು ಗುರುತಿಸಲು ಎಲ್ಲೆಡೆ ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿ ಕೇವಲ ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ. ಆದ್ದರಿಂದ ಯಾವ ತಿಂಗಳಲ್ಲಿ ಹೋದೆವು ಎಂಬುದು ಅಂಕವನ್ನು ಬದಲಿಸುತ್ತದೆ; ಯಾರು ಸಿಗುತ್ತಾರೆ ಎಂಬುದನ್ನೂ ಬದಲಿಸುತ್ತದೆ. ಸುಗ್ಗಿ ಮುಗಿದು ಊರಿನ ದುಡಿಯುವವರು ಬೆಂಗಳೂರು, ಹೈದರಾಬಾದ್, ಪುಣೆಗೆ ಗುಳೆ ಹೋದ ಮೇಲೆ ಯಾದಗಿರಿಯ ತಾಂಡಾವೊಂದಕ್ಕೆ ಹೋದರೆ ಉತ್ತರಿಸಲು ಸಿಗುವವರು ಮುದುಕರು ಮತ್ತು ಮಕ್ಕಳು. ಆ ಅಂಕಗಳನ್ನು ಇಡೀ ತಾಂಡಾದ ಮಾನಸಿಕ ಆರೋಗ್ಯವೆಂದು ಬರೆಯುವುದು ಸುಳ್ಳಾಗುತ್ತದೆ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಮಾನಸಿಕ ಅಸ್ವಸ್ಥತೆ ಇದೆಯೆಂದು ಕಂಡುಕೊಂಡಿತು; ಆದರೆ ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ಅನೇಕ ಪ್ರಬಂಧಗಳು ಆ ಅಂಕಿಯನ್ನೇ ಈ ಭಾಗದ್ದೆಂಬಂತೆ ಬಳಸುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಇನ್ನು ಯಾರ ಎದುರಿಗೆ ಕೇಳುತ್ತೇವೆ ಎಂಬ ವಿಚಾರ. ಮನೆಯ ಕಟ್ಟೆಯ ಮೇಲೆ, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ, ಸೊಸೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದೇ ಹೇಳುತ್ತಾಳೆ. ಯಾವುದೋ ಯೋಜನೆಗೆ ಹೆಸರು ಬರೆದುಕೊಳ್ಳಲು ಬಂದಿದ್ದಾರೆಂದು ತಿಳಿದ ಮನೆಯವರು ಕಷ್ಟವನ್ನು ಹೆಚ್ಚಿಸಿ ಹೇಳಿದರೆ ಅದು ಅವರ ತಪ್ಪಲ್ಲ. ಒಬ್ಬರೇ ಮಾತನಾಡಬಹುದಾದ ಜಾಗವನ್ನು ಹುಡುಕುವುದೂ, ಇದರಿಂದ ಹಣ ಅಥವಾ ಸೌಲಭ್ಯ ಬರುವುದಿಲ್ಲವೆಂದು ಬಿಡಿಸಿ ಹೇಳುವುದೂ ನಮ್ಮ ಕೆಲಸ.

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಅಥವಾ ತನ್ನನ್ನು ತಾನೇ ಹಿಂಸಿಸಿಕೊಳ್ಳುವ ಯೋಚನೆಯದು. ಸಾಲದಲ್ಲಿರುವ ರೈತ ಅದಕ್ಕೆ ಹೌದು ಎಂದಾಗ ಗುರುತು ಹಾಕಿಕೊಂಡು ಪಕ್ಕದ ಮನೆಗೆ ಹೋಗುವುದು ಸಂಶೋಧನೆಯಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಲು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಅವರೊಂದಿಗೆ ಹೋಗಿಬರಲು ಏರ್ಪಾಡು ಮಾಡಿಕೊಂಡ ನಂತರವೇ ಪ್ರಶ್ನಾವಳಿಯನ್ನು ಮುದ್ರಣಕ್ಕೆ ಕಳಿಸಿ ಎಂದು ನನ್ನ ವಿನಂತಿ.