ಮೇಲಿನ ಮನೆಯ ಬಾಡಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೂವತ್ತೊಂದು ವರ್ಷ ಬಾಡಿಗೆ ಮನೆಗಳಲ್ಲಿ ಬಾಳಿದವಳು. ಆರು ಮನೆ, ಆರು ಮಂದಿ ಮಾಲೀಕರು. ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಹಾಕಿದವರನ್ನೂ ಕಂಡಿದ್ದೇನೆ, ಗೋಡೆಗೆ ಒಂದು ಮೊಳೆ ಹೊಡೆದದ್ದಕ್ಕೆ ವಾರವಿಡೀ ಮಾತು ಬಿಟ್ಟವರನ್ನೂ ಕಂಡಿದ್ದೇನೆ. ಮಾಲೀಕರೆಂಬ ಕುಲವೇ ಹೀಗೆ ಎಂದು ಅಡುಗೆಮನೆಯಲ್ಲಿ ಗೊಣಗುವುದು ನನಗೆ ಅಭ್ಯಾಸವಾಗಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ನನ್ನ ಹಣವನ್ನೂ ಯಜಮಾನರ ಹಣವನ್ನೂ ತಿಪಟೂರಿನ ಕಡೆಯ ತೆಂಗಿನ ತೋಟ ಮಾರಿ ಬಂದದ್ದನ್ನೂ ಒಟ್ಟುಗೂಡಿಸಿ ಬೆಂಗಳೂರಿನ ಹನುಮಂತನಗರದ ಕಡೆ ಒಂದು ಹಳೆಯ ಮನೆ ಕೊಂಡೆವು. ಅದು 2023ರ ಮೇ ತಿಂಗಳು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹೀಗೆ ಅರುವತ್ತರ ಹೊಸ್ತಿಲಲ್ಲಿ ನಾನೂ ಆ ಕುಲಕ್ಕೆ ಸೇರಿದೆ.

ಮಾರಿದವರು ನಮಗೆ ಎಲ್ಲವನ್ನೂ ತೋರಿಸಿದರು. ನೀರಿನ ಸಂಪು, ತಾರಸಿ, ಹಿತ್ತಿಲಿನ ಕರಿಬೇವಿನ ಗಿಡ, ತಾಯಿ ಪತ್ರದಿಂದ ಹಿಡಿದು ಖಾತೆಯವರೆಗಿನ ಕಾಗದಗಳು. ಮೇಲಿನವರ ಬಗ್ಗೆ ಕೇಳಿದಾಗ ಮಾತ್ರ ಒಂದೇ ವಾಕ್ಯ: "ತುಂಬಾ ಒಳ್ಳೆಯ ಜನ, ನಾಲ್ಕು ವರ್ಷದಿಂದ ಇದ್ದಾರೆ." ಒಳ್ಳೆಯ ಜನ ಎಂಬುದು ಸುಳ್ಳಲ್ಲ. ಬಾಡಿಗೆ ತಿಂಗಳಿಗೆ 14,000, ಅಡ್ವಾನ್ಸ್ ಹತ್ತು ತಿಂಗಳಿನದು, 1,40,000. ಆ ಅಡ್ವಾನ್ಸ್ ಯಾರ ಕೈಯಲ್ಲಿದೆ ಎಂದು ನಾನು ಕೇಳಲಿಲ್ಲ. ಕ್ರಯಪತ್ರದಲ್ಲಿ ಅದರ ಸೊಲ್ಲೇ ಇರಲಿಲ್ಲ. ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಕಲಿಸಿದವಳು ನಾನು!

ಮೇಲಿನವರ ಕಸುಬು ಮದುವೆ ಮಂಟಪದ ಅಲಂಕಾರ. ಮೆಟ್ಟಿಲಿನ ಒಂದು ಬದಿಗೆ ಚಿನ್ನದ ಕಾಗದ ಸುತ್ತಿದ ಥರ್ಮಾಕೋಲ್ ಕಂಬಗಳನ್ನು ಒರಗಿಸಿಟ್ಟಿರುತ್ತಿದ್ದರು. ಗಾಳಿ ಬೀಸಿದಾಗ ಅವುಗಳ ಬಿಳಿ ಹರಳು ಉದುರಿ ಉರುಳಿಕೊಂಡು ಬಂದು ಬೆಳಗಿನ ನನ್ನ ರಂಗೋಲಿಯೊಳಗೆ ಸೇರುತ್ತಿತ್ತು. ಯಾವುದು ಚುಕ್ಕಿ, ಯಾವುದು ಥರ್ಮಾಕೋಲ್ ಎಂದು ಬಗ್ಗಿ ನೋಡಬೇಕಿತ್ತು.

ಜುಲೈ ಐದರಂದು ಮೇಲೆ ಹೋದೆ. ಅವರ ಹೆಂಡತಿ ಕುರ್ಚಿ ಒರೆಸಿ ಕೂರಿಸಿ ಕಾಫಿ ಕೊಟ್ಟರು. ಒಬ್ಬರ ಮನೆಯ ಕಾಫಿ ಕುಡಿಯುತ್ತಾ ಅವರನ್ನು ದುಡ್ಡು ಕೇಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. "ಆಷಾಢ ಟೀಚರ್, ಮದುವೆಗಳಿಲ್ಲ" ಎಂದರು ಅವರು. ನಿಜವೇ. ಆಗಸ್ಟ್‌ನಲ್ಲಿ ಹೋದರೆ ಅಧಿಕ ಮಾಸ. ಅದೂ ನಿಜವೇ, ಆ ವರ್ಷ ಶ್ರಾವಣವೇ ಎರಡು ಬಂದಿತ್ತು. ನಿಜ ಶ್ರಾವಣದಲ್ಲಿ ನಾಲ್ಕು ಮದುವೆ ಸಿಕ್ಕಿರಬೇಕು, ಸೆಪ್ಟೆಂಬರ್‌ನಲ್ಲಿ 7,000 ಕೊಟ್ಟರು. ಅಕ್ಟೋಬರ್‌ಗೆ ಪಿತೃಪಕ್ಷ. ನಾಲ್ಕು ತಿಂಗಳಲ್ಲಿ ನನಗೆ ಸಂದದ್ದು ನಾಲ್ಕು ಲೋಟ ಕಾಫಿ, ಅರ್ಧ ಬಾಡಿಗೆ. ಮನೆ ಕೊಳ್ಳುವಾಗ ಎಲ್ಲವನ್ನೂ ಪಂಚಾಂಗ ನೋಡಿಯೇ ಮಾಡಿದ್ದೆವು. ಬಾಡಿಗೆಗೂ ಪಂಚಾಂಗ ನೋಡಬೇಕೆಂದು ಯಾರೂ ಹೇಳಿರಲಿಲ್ಲ.

ನವೆಂಬರ್‌ನಲ್ಲಿ ಒಂದು ಪೂರ್ತಿ ಬಾಡಿಗೆ ಬಂತು. ಡಿಸೆಂಬರ್‌ನಲ್ಲಿ ಧನುರ್ಮಾಸ ಹಿಡಿದಾಗ ನನ್ನ ಸಹನೆ ಬತ್ತಿತು, ಧ್ವನಿ ಏರಿತು. ಅವರ ಧ್ವನಿ ಏರಲಿಲ್ಲ. ಬಾಗಿಲಲ್ಲೇ ನಿಂತು ಎರಡು ಮಾತು ಹೇಳಿದರು. ಒಂದು, "ನಾನು ಕರಾರು ಮಾಡಿಕೊಂಡದ್ದು ಹಳೆಯ ಮಾಲೀಕರ ಜೊತೆ, ನಿಮ್ಮ ಜೊತೆ ಅಲ್ಲ." ಎರಡು, "ಅಡ್ವಾನ್ಸ್ ಇದೆಯಲ್ಲ, ಅದರಲ್ಲಿ ಮುರಿದುಕೊಳ್ಳಿ." ಅಂದು ಕಾಫಿ ಬರಲಿಲ್ಲ.

ಬೀದಿಯಲ್ಲಿ ಸಲಹೆಗೆ ಬರವೇ? ಕರೆಂಟು ಕೀಳಿಸಿ ಎಂದರು ಒಬ್ಬರು. ನೀರಿನ ವಾಲ್ವ್ ತಿರುಗಿಸಿ ಎಂದರು ಇನ್ನೊಬ್ಬರು. ಊರಿಗೆ ಹೋದಾಗ ಬೀಗ ಜಡಿದು ಸಾಮಾನು ಬೀದಿಗಿಡಿ ಎಂದವರು ನಿವೃತ್ತ ಅಧಿಕಾರಿ, ದಿನವೂ ಭಗವದ್ಗೀತೆ ಓದುವವರು. ಕರೆಂಟಿನ ವಿಷಯದಲ್ಲಿ ನನ್ನ ಹೊಟ್ಟೆಕಿಚ್ಚಿಗೆ ಬೇರೆ ಕಾರಣವೂ ಇತ್ತು. ಗೃಹಜ್ಯೋತಿ ಆಗತಾನೇ ಬಂದಿತ್ತು, ಬಾಡಿಗೆದಾರರಿಗೂ ಅನ್ವಯ. ಮೇಲಿನ ಮೀಟರಿನ ಬಿಲ್ಲು ಪ್ರತಿ ತಿಂಗಳೂ ಸೊನ್ನೆ ಎಂದು ಮುದ್ರಿತವಾಗಿ ಬಂದು ನನ್ನ ಗೇಟಿನ ಪೆಟ್ಟಿಗೆಯಲ್ಲೇ ಬೀಳುತ್ತಿತ್ತು. ಅವರ ಮನೆಯ ಲೆಕ್ಕದಲ್ಲಿ ಸರಿಯಾಗಿ ಚುಕ್ತಾ ಆಗುತ್ತಿದ್ದದ್ದು ಅದೊಂದೇ.

ಆಗ ನೆನಪಾದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ವಕೀಲೆ. ಗಾಂಧಿನಗರದಲ್ಲಿ ಎರಡನೇ ಮಹಡಿಯ ಒಂದು ಕಿರುಕೋಣೆ ಅವಳ ಕಚೇರಿ. ನನ್ನ ಅರ್ಧ ಗಂಟೆಯ ಪುರಾಣ ಕೇಳಿದ ಮೇಲೆ, "ರಸೀದಿ ಎಲ್ಲಿ ಟೀಚರ್? ಪತ್ರ ಏನಾದರೂ ಬರೆದಿದ್ದೀರಾ?" ಎಂದಳು. ಯಾವುದೂ ಇರಲಿಲ್ಲ. ಅವಳು ನಕ್ಕಳು: "ಉತ್ತರ ಸರಿಯಿದ್ದರೂ ಹಂತ ಬರೆಯದಿದ್ದರೆ ಅಂಕ ಇಲ್ಲ ಎಂದು ನನಗೆ ಎರಡು ಅಂಕ ಕಳೆದಿದ್ದಿರಿ." ಇಪ್ಪತ್ತು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ.

ಅಂದು ಅವಳು ನನಗೆ ಹೇಳಿಕೊಟ್ಟ ಪಾಠದಲ್ಲಿ ಮುಖ್ಯವಾದದ್ದನ್ನು ಹೇಳುತ್ತೇನೆ, ಏಕೆಂದರೆ ನನ್ನಂತೆ ಬಾಡಿಗೆಯವರಿರುವ ಮನೆಯನ್ನೇ ಕೊಳ್ಳುವವರು ಇದನ್ನು ಕೇಳುತ್ತಿರಬಹುದು. 1882ರ ಸ್ವತ್ತು ವರ್ಗಾವಣೆ ಕಾಯಿದೆ ಇಂದಿಗೂ ಚಾಲ್ತಿಯಲ್ಲಿದೆ. ಅದರ 109ನೆಯ ಕಲಮಿನ ಪ್ರಕಾರ ಮನೆ ಕೊಂಡವರಿಗೆ ಹಳೆಯ ಮಾಲೀಕರ ಹಕ್ಕೆಲ್ಲ ತಾನಾಗಿಯೇ ಬರುತ್ತದೆ, ಹೊಸ ಕರಾರು ಬೇಕೆಂದೇನಿಲ್ಲ. ಆದ್ದರಿಂದ ಅವರ ಮೊದಲ ಮಾತು ನಿಲ್ಲುವುದಿಲ್ಲ. ಆದರೆ ಅದೇ ಕಲಮಿಗೆ ಒಂದು ಬಾಲವಿದೆ. ಕ್ರಯಕ್ಕೆ ಮುಂಚಿನ ಬಾಕಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕೊಂಡವರಿಗೆ ಸೇರುವುದಿಲ್ಲ. ಮನೆ ಕೈಬದಲಾದದ್ದು ಗೊತ್ತಿಲ್ಲದೆ ಬಾಡಿಗೆದಾರರು ಹಳಬರಿಗೇ ಬಾಡಿಗೆ ಕೊಟ್ಟರೆ, ಅದನ್ನು ಅವರಿಂದ ಮತ್ತೊಮ್ಮೆ ಕೇಳುವಂತಿಲ್ಲ. ಮೇಲಿನವರು ಜೂನ್ ಬಾಡಿಗೆಯನ್ನು ಮೊಬೈಲಿನಲ್ಲಿ ಹಳೆಯ ಮಾಲೀಕರಿಗೇ ಕಳಿಸಿಬಿಟ್ಟಿದ್ದರು. ನಾನು ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಒಂದು ಸಾಲಿನ ಪತ್ರವನ್ನೂ ಅವರಿಗೆ ಕೊಟ್ಟಿರಲಿಲ್ಲ. ಹದಿನಾಲ್ಕು ಸಾವಿರ ಅಲ್ಲಿಗೆ ಗೋವಿಂದ.

ಇನ್ನು ಅಡ್ವಾನ್ಸ್. ಕೊಳ್ಳುವಾಗಲೇ ಅಷ್ಟನ್ನು ಬೆಲೆಯಲ್ಲಿ ಹಿಡಿದುಕೊಂಡು, ಹಿಡಿದಿದ್ದೇವೆ ಎಂದು ಪತ್ರದಲ್ಲಿ ಬರೆಸಬೇಕಿತ್ತು. "ಯಾರು ಹೊಣೆ ಎಂದು ವಾದ ಮಾಡಬಹುದು ಟೀಚರ್. ಆದರೆ ಅಡ್ವಾನ್ಸ್ ಕೈಗೆ ಬಾರದೆ ಬೆಂಗಳೂರಿನಲ್ಲಿ ಯಾರೂ ಬೀಗದ ಕೈ ಕೊಡುವುದಿಲ್ಲ" ಎಂದಳು. ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಈ ಊರಿನ ಹಳೆಯ ರೋಗ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎನ್ನುತ್ತದೆ. ಮಾದರಿ ಎಂದರೆ ಮಾದರಿ, ಅಷ್ಟೆ.

ಕರ್ನಾಟಕದ್ದೇ ಬಾಡಿಗೆ ಕಾಯಿದೆ ಇದೆಯಲ್ಲ ಎಂದೆ. ಇದೆ, 1999ರದು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಇಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ದೊಡ್ಡದು. ಹಾಗಾಗಿ ನಮ್ಮಂಥವರು ಮತ್ತೆ 1882ಕ್ಕೇ ಹೋಗಬೇಕು. ಹಳೆಯ ಹನ್ನೊಂದು ತಿಂಗಳ ಕರಾರು ಎಂದೋ ಮುಗಿದು, ತಿಂಗಳಿಂದ ತಿಂಗಳಿಗೆ ಸಾಗುತ್ತಿದ್ದ ಬಾಡಿಗೆ ಇದು. ಹದಿನೈದು ದಿನದ ಲಿಖಿತ ನೋಟಿಸು ಕೊಟ್ಟು ಮುಗಿಸಬಹುದು. ಆಮೇಲೂ ಹೋಗದಿದ್ದರೆ ದಾವೆ. ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು.

ಗೀತೆ ಓದುವವರ ಸಲಹೆಯನ್ನೂ ಅವಳ ಮುಂದಿಟ್ಟೆ. ಹಾಗೆ ಮಾಡಿದ್ದರೆ, ಮನೆ ನನ್ನದೇ ಆಗಿದ್ದರೂ, ಆರು ತಿಂಗಳೊಳಗೆ ಅವರು ದಾವೆ ಹೂಡಿ ಮತ್ತೆ ಒಳಗೆ ಬರಬಹುದಿತ್ತಂತೆ. ಅಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ. ಇದ್ದವರನ್ನು ಕಾನೂನು ಬಿಟ್ಟು ಹೊರಹಾಕಿದೆಯಾ, ಅಷ್ಟೇ ಪ್ರಶ್ನೆ.

ನೋಟಿಸನ್ನು ಕನ್ನಡದಲ್ಲೇ ಬರೆಸಿದೆ. ಬಾಕಿ: ಜುಲೈಯಿಂದ ಡಿಸೆಂಬರ್‌ವರೆಗೆ 84,000, ಬಂದದ್ದು 21,000, ಉಳಿದದ್ದು 63,000. ಸ್ವೀಕೃತಿ ಚೀಟಿಯೊಡನೆ ಅಂಚೆಗೆ ಹಾಕಿದೆ. ಹನ್ನೆರಡು ಮೆಟ್ಟಿಲು ಹತ್ತಿದರೆ ಸಿಗುವವರಿಗೆ ಅಂಚೆ! ಮೂರನೆಯ ದಿನ ಅಂಚೆಯವರು ಬಂದು, ಕಳುಹಿಸಿದವರ ವಿಳಾಸವನ್ನೂ ತಲುಪಬೇಕಾದ ವಿಳಾಸವನ್ನೂ ಎರಡು ಸಲ ಓದಿ, ನನ್ನ ಮುಖ ನೋಡಿ, ಏನೂ ಹೇಳದೆ ಮೇಲೆ ಹತ್ತಿದರು. ನಾನು ಅಡುಗೆಮನೆಯಲ್ಲಿ ಕುಕ್ಕರ್ ಆರಿಸಿ ಕಿವಿಗೊಟ್ಟು ನಿಂತೆ. ಬಾಗಿಲು ತೆರೆದ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಿಜ ಹೇಳುತ್ತೇನೆ, ನನಗೆ ಗೆದ್ದೆ ಎನಿಸಲಿಲ್ಲ. 1998ರಲ್ಲಿ ನಮ್ಮ ಮಾಲೀಕರೊಬ್ಬರು ಮನೆ ಬಿಡಿ ಎಂದು ಚೀಟಿ ಕಳಿಸಿದಾಗ ನಮ್ಮ ಮನೆಯಲ್ಲೂ ಕುರ್ಚಿ ಹೀಗೆಯೇ ಸದ್ದು ಮಾಡಿತ್ತು.

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಅವರ ಹೆಂಡತಿಯೇ ಕೆಳಗಿಳಿದು ಬಂದರು. ಅಲ್ಲಿಂದ ಮಾತು ಶುರುವಾಯಿತು. ಅಡ್ವಾನ್ಸ್ ಕೊಡಿ ಎಂದು ಹಳೆಯ ಮಾಲೀಕರಿಗೂ ಒಂದು ನೋಟಿಸು ಹೋಗಿತ್ತು. ತಿಂಗಳುಗಟ್ಟಲೆ ಎತ್ತದಿದ್ದ ಫೋನು ಈಗ ತಾನಾಗಿ ಬಂತು. ಮೇಲಿನವರೇ ತಮಗೆ ಏಪ್ರಿಲ್, ಮೇ ಬಾಡಿಗೆ 28,000 ಕೊಡಬೇಕು ಎಂದು ಅವರ ವಾದ. ನಗದಾಗಿ ಕೊಟ್ಟಿದ್ದೇನೆ ಎಂದು ಇವರ ವಾದ. ಎರಡೂ ಬಾಯಿಮಾತು, ಒಂದು ಚೂರು ಕಾಗದವಿಲ್ಲ. ಎಳೆದಾಡಿ ಎಳೆದಾಡಿ ಕೊನೆಗೆ ಅವರು 90,000 ಕಳಿಸಿದರು. ಉಳಿದ 50,000 ನನ್ನ ತಲೆಗೆ. ಯಜಮಾನರು ಅಂದು ಊಟ ಮಾಡದೆ ಮಲಗಿದರು.

ಮಾರ್ಚ್ 31ಕ್ಕೆ ಮನೆ ಖಾಲಿ ಮಾಡುತ್ತೇವೆ, ಅಲ್ಲಿಯವರೆಗಿನದನ್ನೂ ಅಡ್ವಾನ್ಸಿನಲ್ಲೇ ಮುರಿದುಕೊಳ್ಳುವುದು ಎಂದು ಛಾಪಾ ಕಾಗದದಲ್ಲಿ ಬರೆದು ಸಹಿ ಮಾಡಿದೆವು. ಆ ಮೂರು ತಿಂಗಳ ಹಣವನ್ನು ಬಾಡಿಗೆ ಎಂದು ಬರೆಯಬಾರದೆಂದು ವಕೀಲೆ ಎಚ್ಚರಿಸಿದ್ದಳು. ನೋಟಿಸು ಕೊಟ್ಟ ಮೇಲೂ ಬಾಡಿಗೆ ಎಂದೇ ಹಣ ತೆಗೆದುಕೊಂಡರೆ ನೋಟಿಸನ್ನು ಬಿಟ್ಟುಕೊಟ್ಟಂತೆ ಎಂದು ವಾದಿಸಲು ಎಡೆಯಾಗುತ್ತದೆ. ಅದಕ್ಕೇ 'ಸ್ವಾಧೀನದಲ್ಲಿದ್ದ ಅವಧಿಯ ಪರಿಹಾರ' ಎಂದು ಬರೆದೆವು. ಒಂದು ಪದಕ್ಕೆ ಅಷ್ಟು ತೂಕ.

ಮಾರ್ಚ್ ಕೊನೆಯ ಭಾನುವಾರ ಲಾರಿ ಬಂತು. ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ ಲೆಕ್ಕ ತೋರಿಸಿದೆ. ಅಡ್ವಾನ್ಸ್ 1,40,000. ಹಳೆಯ ಬಾಕಿ 63,000, ಮೂರು ತಿಂಗಳದು 42,000, ಕಳೆದರೆ 35,000. ಅದರಲ್ಲಿ ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ, 14,000. ಬಾಡಿಗೆಗೆ ಇದ್ದಾಗ ನಾಲ್ಕು ಮನೆಗಳಲ್ಲಿ ಈ ಬಣ್ಣದ ಹಣ ಹಿಡಿದವರಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದೆ. ಕಳೆದೆ. 21,000.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಬಿಲ್ಲು ತೆಗೆದು ಮೇಜಿನ ಮೇಲಿಟ್ಟರು. ಅಕ್ಟೋಬರ್‌ನಲ್ಲಿ ತಾರಸಿಯ ಟ್ಯಾಂಕಿನ ವಾಲ್ವ್ ಒಡೆದಾಗ ನನಗೆ ಎರಡು ಸಲ ಹೇಳಿದ್ದರಂತೆ, ನಾನು ನೋಡೋಣ ಎಂದಿದ್ದೆನಂತೆ. ಕೊನೆಗೆ ತಾವೇ ಕೊಳಾಯಿಯವರನ್ನು ಕರೆಸಿ ಹಾಕಿಸಿದ್ದರು. 850 ರೂಪಾಯಿ. ದಿನಾಂಕ, ಸಹಿ, ಎಲ್ಲವೂ ಇತ್ತು.

ನಾನು 21,000ಕ್ಕೆ ಅಡ್ಡಗೆರೆ ಎಳೆದು 21,850 ಎಂದು ಬರೆದೆ. ಅವರು ಸಹಿ ಮಾಡಿ, ಥರ್ಮಾಕೋಲ್ ಕಂಬಗಳನ್ನು ಲಾರಿಗೆ ಏರಿಸಲು ಹೋದರು.

ನಮಸ್ಕಾರ.